ಮುಳ್ಳು ಇಳಿಯುವವರೆಗೆ

ಫೆಬ್ರವರಿ 4, ಮಂಗಳವಾರ

…ಇಲ್ಲಿ ಕೂರಿಸಿದರೆ ಇಲ್ಲಿಯ ಬಿಸಿಯನ್ನಷ್ಟೇ ಹೇಳುತ್ತದೆ, ಎಂದೋ ಹಾಗೇನೋ ಅಂದ ಲೇತ್ ಅಂಗಡಿಯ ಟರ್ನರ್. ವೆಲ್ಡಿಂಗ್ ಮುಖವಾಡದ ಹಿಂದಿನಿಂದ ಬಂದ ಮಾತು. ನಾನು ತಲೆಯಾಡಿಸಿದೆ. ಅವನು ಮತ್ತೆ ಕಿಡಿ ಹಾರಿಸತೊಡಗಿದ್ದರಿಂದ ಮುಖ ತಿರುಗಿಸಿಕೊಂಡೆ. ಮಾತು ಅಲ್ಲಿಗೇ ನಿಂತಿತು.

ಅಂತೂ ಲಾರಿಗೆ ಬಿಸಿ ಅಳೆಯುವ ಮೀಟರ್ ಕೂತಿತು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಬಿಳಿ ಮುಖ, ಸೊನ್ನೆಯಿಂದ ಒಂಬೈನೂರರವರೆಗೆ ಅಂಕಿ, ಏಳುನೂರು ದಾಟಿದ ಮೇಲೆ ಕೆಂಪು ಪಟ್ಟಿ. ಅದರ ಬೆನ್ನಿನಿಂದ ಹೊರಟ ತಂತಿ ಬಾನೆಟ್ಟಿನೊಳಗೆ ಇಳಿದು ಪೆನ್ಸಿಲಿಗಿಂತ ಸಣ್ಣ ಉಕ್ಕಿನ ಕಡ್ಡಿಯೊಂದರಲ್ಲಿ ಮುಗಿಯುತ್ತದೆ. ಎಂಜಿನ್ನಿನಿಂದ ಹೊರಬೀಳುವ ಹೊಗೆಯಲ್ಲಿ ಆ ಕಡ್ಡಿ ಮೂತಿಯಿಟ್ಟು ಕೂರಬೇಕು. ಕೂರಿಸಲು ಎರಡು ಜಾಗಗಳಿವೆ: ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊಗಿಂತ ಮೊದಲು, ಹೊಗೆ ಬಂದು ಕೂಡುವ ಬೀಡುಕಬ್ಬಿಣದ ಮ್ಯಾನಿಫೋಲ್ಡಿನಲ್ಲಿ, ಇಲ್ಲವೇ ಟರ್ಬೊ ದಾಟಿದ ಮೇಲೆ, ಸೈಲೆನ್ಸರ್ ಪೈಪಿನಲ್ಲಿ. ಮ್ಯಾನಿಫೋಲ್ಡ್ ಕೊರೆಯುವಾಗ ಸಾಸಿವೆಯಷ್ಟು ಚೂರು ಒಳಗೆ ಬಿದ್ದರೂ ಟರ್ಬೊದ ಚಕ್ರ ಪುಡಿ. ನಾನು ಪೈಪನ್ನು ಆರಿಸಿಕೊಂಡೆ. ಎಚ್ಚರಿಕೆ ನನ್ನ ಹುಟ್ಟುಗುಣ.

ಯಾಕೆ ಮೀಟರು ಎಂಬುದನ್ನೂ ಬರೆದಿಡುತ್ತೇನೆ. ಜನವರಿಯಲ್ಲಿ, ಕಲ್ಲು ಹೇರಿಕೊಂಡು ಹತ್ತುವ ಏರಿನ ಏಳನೇ ತಿರುವಿನಲ್ಲಿ, ಮೂರನೇ ಪಿಸ್ಟನ್ನಿಗೆ ತೂತು ಬಿತ್ತು. ಲಾರಿಯನ್ನು ನಾವಿಬ್ಬರೂ ಸರದಿಯಲ್ಲಿ ಓಡಿಸುತ್ತೇವೆ, ಅಂದು ಸರದಿ ಅಣ್ಣನದು. ಬಿಚ್ಚಿ ನೋಡಿದರೆ ಪಿಸ್ಟನ್ ಮೇಣದ ಹಾಗೆ ಕರಗಿ ಇಳಿದಿತ್ತು. ಕಾರಣವೂ ಸಿಕ್ಕಿತು. ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಹೋಸಿನಲ್ಲಿ ಬೆರಳುದ್ದದ ಸೀಳು. ಗಾಳಿ ಸೋರಿದರೆ ಡೀಸೆಲ್ ನೆಟ್ಟಗೆ ಉರಿಯುವುದಿಲ್ಲ, ಬಿಸಿ ಏರುತ್ತದೆ, ಏರುತ್ತಲೇ ಹೋಗುತ್ತದೆ.

ಎಂಜಿನ್ ಬಿಚ್ಚಿ ಕಟ್ಟಿದವನೂ ಈ ಟರ್ನರನೇ. ಹೋಸನ್ನು ಅಣ್ಣನ ಮುಖದೆದುರು ಹಿಡಿದು ಕೇಳಿದ: "ಇಷ್ಟುದ್ದ ಸೀಳು ಇದ್ರೆ ಸುಮ್ನಿರಲ್ಲ ದೊರೆ, ಶಿಳ್ಳೆ ಹೊಡೀತದೆ. ಏರು ಹತ್ತೋವಾಗ ರೈಲು ಕೂಗಿದ ಹಾಗೆ ಕೂಗಿರ್ಬೇಕು. ಕೇಳಿಸ್ಲಿಲ್ವಾ?"

ಅಣ್ಣ ನಕ್ಕ. ನಗಬೇಕಾದ ಹೊತ್ತಿಗಿಂತ ತುಸು ತಡವಾಗಿ ನಕ್ಕ.

ಆ ಸಂಜೆ ಅತ್ತಿಗೆ ನನಗೆ ಬಡಿಸುತ್ತ ದನಿ ತಗ್ಗಿಸಿದರು. ತಗ್ಗಿಸುವ ಅಗತ್ಯವಿರಲಿಲ್ಲ, ಪಕ್ಕದ ಕೋಣೆಯಲ್ಲಿ ಅಣ್ಣ ಹಾಕಿದ್ದ ಟೀವಿ ಗೋಡೆ ಬಿರಿಯುವಂತೆ ಅರಚುತ್ತಿತ್ತು.

"ಅವರಿಗೆ ಕಿವಿ ಕೇಳಿಸ್ತಿಲ್ಲ. ಇನ್ಮೇಲೆ ಸ್ಟೇರಿಂಗ್ ಹಿಡೀಬೇಡ ಅಂತ ನೀನೇ ಹೇಳು."

"ನೀವೇ ಹೇಳಬಹುದಲ್ಲ ಅತ್ತಿಗೆ."

"ಮೂವತ್ತು ವರ್ಷದಲ್ಲಿ ನಾನು ಹೇಳಿದ್ದು ಯಾವುದು ಕೇಳಿಸಿದೆ ಅವರಿಗೆ? ಕಿವಿ ನೆಟ್ಟಗಿದ್ದಾಗ್ಲೇ ಕೇಳಿಸ್ಲಿಲ್ಲ."

ಹೇಳುವುದು ನನ್ನಿಂದಾಗದು. ಲಾರಿ ಓಡಿಸಲು ಕಲಿಸಿದವನೇ ಅವನು. ಹಾಗಾಗಿ ಮೀಟರು, ಹಾಗಾಗಿ ಈ ನೋಟ್‌ಬುಕ್ಕು. ಅವನ ಸರದಿಯ ದಿನ ನಾನು ಪಕ್ಕದಲ್ಲಿ ಕೂತು ಅಂಕಿ ಬರೆದುಕೊಳ್ಳುತ್ತೇನೆ. ಮುಳ್ಳು ಕೆಂಪಿಗೆ ಹೋದ ದಿನ ಪುಟ ತೆರೆದು ಅವನ ಮುಂದಿಟ್ಟರಾಯಿತು. ಮಾತು ಬೇಕಾಗುವುದಿಲ್ಲ.

ಫೆಬ್ರವರಿ 6, ಗುರುವಾರ

ಏರಿನ ತುದಿಯಲ್ಲಿ, ಕಲ್ಲು ಕೊಯ್ಯುವ ಕಾರ್ಖಾನೆಯ ಅಂಗಳದಲ್ಲಿ ಕೂತು ಬರೆಯುತ್ತಿದ್ದೇನೆ. ಎಂಜಿನ್ ಇನ್ನೂ ಓಡುತ್ತಿದೆ. ಟರ್ನರನ ಕಟ್ಟಪ್ಪಣೆಯಿದು: ಏರು ಹತ್ತಿದ ಮೇಲೆ ತಟಕ್ಕನೆ ಆರಿಸಬಾರದು, ಮುಳ್ಳು ಇನ್ನೂರಕ್ಕೆ ಇಳಿಯುವವರೆಗೆ ನಿಂತಲ್ಲೇ ಓಡುತ್ತಿರಬೇಕು, ಇಲ್ಲದಿದ್ದರೆ ಟರ್ಬೊದೊಳಗಿನ ಆಯಿಲ್ ಸುಟ್ಟು ಕರಕಾಗುತ್ತದೆ. ಎಷ್ಟು ಕಾದಿದೆಯೋ ಅಷ್ಟು ಹೊತ್ತು ಕಾಯಬೇಕು. ಈ ಹೊತ್ತಿಗೆ ವಾರಸುದಾರರಿಲ್ಲ. ಬರೆಯಲು ತಕ್ಕದ್ದು.

ಅಣ್ಣ ಕೆಳಗಿಳಿದು, ಚಪ್ಪಡಿ ಇಳಿಸುವವರ ಜೊತೆ ಹರಟುತ್ತಿದ್ದಾನೆ. ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾನೆ.

ಮೊದಲ ತಿರುವಿನಲ್ಲೇ ಶುರು ಮಾಡಿದ್ದ. "ಏನೋ ಗುಮಾಸ್ತ, ಪರೀಕ್ಷೆ ಬರೀತಿದೀಯಾ?"

"ಬಿಸಿ ಎಷ್ಟು ಅಂತ ಬರ್ಕೋತಿದೀನಿ."

"ಆಂ?"

"ಬಿಸಿ, ಬಿಸಿ!"

"ಬಿಸಿಯಾಗದೆ ಏನು ತಣ್ಣಗಿರುತ್ತಾ? ಹತ್ತು ಟನ್ ಕಲ್ಲು ಬೆನ್ನ ಮೇಲೆ ಹೇರ್ತೀನಿ, ನೀನು ಹತ್ತು ನೋಡೋಣ." ಸ್ವಲ್ಪ ದೂರ ಹೋದ ಮೇಲೆ ತನ್ನಷ್ಟಕ್ಕೆ ಎಂಬಂತೆ ಹೇಳಿದ: "ಎಂಜಿನ್ ತಾನಾಗೇ ಮಾತಾಡುತ್ತೆ ಕಣೋ. ಮೀಟರ್ ಇಲ್ದೆ ಇಷ್ಟು ವರ್ಷ ನಾವೇನು ಮಣ್ಣು ತಿಂದ್ವಾ?"

ಅತಿ ಹೆಚ್ಚೆಂದರೆ 490. ಕೆಂಪು ಪಟ್ಟಿ ಎಲ್ಲೋ ದೂರದಲ್ಲಿತ್ತು. ಇನ್ನೂರಕ್ಕೆ ಬಂತು, ನಿಲ್ಲಿಸುತ್ತೇನೆ.

ಫೆಬ್ರವರಿ 7, ಶುಕ್ರವಾರ

ನನ್ನ ಸರದಿ. ಒಬ್ಬನೇ. 530.

ಹೊರಡುವಾಗ ಅಣ್ಣ ಗೇಟು ಹಿಡಿದು ನಿಂತು, "ನಿನ್ನ ದಿನ ನಾನೂ ಪಕ್ಕದಲ್ಲಿ ಕೂತು ಬರ್ಕೊಳ್ಳೋದು ಬೇಡ್ವಾ?" ಅಂದ. ತಮಾಷೆಗೇ ಇರಬೇಕು. "ಬೇಡ, ಮಲ್ಕೋ," ಅಂದೆ. ಕೇಳಿಸಿತೋ ಇಲ್ಲವೋ, ಕೈಯೆತ್ತಿದ.

ಅಂಕಿ ನಿನ್ನೆಗಿಂತ ಹೆಚ್ಚಿಗಿರುವುದಕ್ಕೆ ಕಾರಣವುಂಟು. ಇವತ್ತಿನ ಕಲ್ಲು ಕಪ್ಪು ಜಾತಿಯದು, ನೋಡಲು ಒಂದೇ ಅಳತೆಯಾದರೂ ತೂಕ ಜಾಸ್ತಿ. ಮೂರನೇ ತಿರುವಿನಲ್ಲಿ ಮುಂದಿದ್ದ ಲಾರಿ ತೆವಳುತ್ತಿತ್ತು. ಅದನ್ನು ಹಿಂದೆ ಹಾಕಲು ಒತ್ತಬೇಕಾಯಿತು. ಇನ್ನೊಬ್ಬರ ಬಾಲ ನೋಡಿಕೊಂಡು ಹತ್ತುವುದು ನನ್ನಿಂದಾಗದು. ಅದೊಂದು ದೌರ್ಬಲ್ಯವೆಂದು ಯಾರೂ ಇದುವರೆಗೆ ಹೇಳಿಲ್ಲ. ಎದುರಿನ ಗಾಳಿಯೂ ಇತ್ತು.

ಮುಳ್ಳು ಇಳಿಯಲು ನಿಧಾನ. ಅಂಗಳದಾಚೆ ಗರಗಸದ ನೀರು ಬಿಳಿಯಾಗಿ ಹರಿದು ಚರಂಡಿ ಸೇರುತ್ತಿದೆ. ಕಲ್ಲನ್ನು ಕೊಯ್ಯುವಾಗಲೂ ತಣ್ಣಗಿಡಲು ಒಬ್ಬ ಬೇಕು. ಪೈಪು ಹಿಡಿದು ನಿಲ್ಲುವುದೇ ಅವನ ದಿನವಿಡೀ ಕೆಲಸ. ಅವನ ಮುಖದಲ್ಲಿ ಬೇಸರವೂ ಇಲ್ಲ, ಇನ್ನೇನೂ ಇಲ್ಲ.

ಫೆಬ್ರವರಿ 10, ಸೋಮವಾರ

ಅಣ್ಣ. 480. ಬೇಗ ಇಳಿಯಿತು.

ಒಂಥರಾ ನಿರಾಸೆ. ಹಸಿವಿರಬೇಕು.

ಫೆಬ್ರವರಿ 13, ಗುರುವಾರ

ನಾನು. 540.

ಬೆಳಿಗ್ಗೆ ಅತ್ತಿಗೆ ಮಹಡಿಯ ನನ್ನ ಕೋಣೆಗೆ ಬಂದು ಒಗೆದ ಬಟ್ಟೆ ಇಟ್ಟರು. ಹೋಗುವಾಗ ಬಾಗಿಲಲ್ಲಿ ನಿಂತರು. ನಿಂತರೆಂದರೆ ವಿಷಯ ಅದೇ.

"ಹೇಳಿದೆಯಾ?"

"ಸಾಕ್ಷಿ ಇಲ್ದೆ ಹೇಗೆ ಹೇಳ್ಲಿ? ಮುಳ್ಳು ಕೆಂಪಿಗೆ ಹೋಗ್ತಾ ಇಲ್ಲ."

"ಕೋರ್ಟ್ ಕಚೇರಿಯಾ ಇದು? ಮೊನ್ನೆ ನಾನು ಪಾತ್ರೆ ರಾಶೀನೇ ಕೆಡವಿದೆ. ತಿರುಗಿ ನೋಡ್ಲಿಲ್ಲ ಆ ಮನುಷ್ಯ. ಸಾಕ್ಷಿ ಬೇಕಂತೆ."

ಸಾಕ್ಷಿ ಬೇಡವೆನ್ನುವವರನ್ನು ಕಂಡರೆ ನನಗೆ ಒಳಗೊಳಗೇ ಭಯ. ಅವರಿಗೆ ಎಲ್ಲವೂ ಮೊದಲೇ ಗೊತ್ತಿರುತ್ತದೆ. ನನಗೆ ಗೊತ್ತಿರುವುದು ಕಡಿಮೆ, ಅದನ್ನು ಅಂಕಿಯಲ್ಲಿ ಬರೆದಿಡುತ್ತೇನೆ. ಅಣ್ಣ ನನಗೆ ಕಲಿಸಿದ್ದು ಬೇರೆ ರೀತಿ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಣ್ಣು ಮುಚ್ಚು ಎನ್ನುತ್ತಿದ್ದ. ಈಗ ಯಾವ ಗೇರು? ಈಗ ಎಂಜಿನ್ನಿಗೆ ಸಾಕಾಗಿದೆಯೋ ಇಲ್ಲವೋ? ತಪ್ಪು ಹೇಳಿದರೆ ತಲೆಗೆ ಮೊಟಕುತ್ತಿದ್ದ. ಸರಿ ಹೇಳಿದರೂ ಮೊಟಕುತ್ತಿದ್ದ, ಸ್ವಲ್ಪ ಮೆಲ್ಲಗೆ. ಕಿವಿಯೆಂದರೆ ಅವನದು, ಅವನಿಂದ ಉಳಿದದ್ದು ನನಗೆ. ಇಪ್ಪತ್ತೈದು ವರ್ಷ ಹಾಗೇ ಇತ್ತು.

ಇನ್ನೂರ ನಲವತ್ತು. ಇನ್ನೂ ಇದೆ. ಬರೆಯಲು ಬೇರೇನೂ ಇಲ್ಲ.

ಫೆಬ್ರವರಿ 16, ಭಾನುವಾರ

ಟರ್ನರನಿಗೆ ಅಂಕಿಗಳನ್ನು ತೋರಿಸಿದೆ. ಚಹಾ ಲೋಟ ಪಕ್ಕಕ್ಕಿಟ್ಟು, ನೋಟ್‌ಬುಕ್ಕನ್ನು ದೂರ ಹಿಡಿದು ಓದಿದ. ಆಮೇಲೆ ಒಂದು ಬಗೆಯ ಕರುಣೆಯಿಂದ ನನ್ನ ಕಡೆ ನೋಡಿದ.

"ಐನೂರಾ? ಇದು ಟರ್ಬೊ ತಿಂದು ಬಿಟ್ಟ ಎಂಜಲು ದೊರೆ. ಪೈಪಿಗೆ ಬರೋ ಹೊತ್ತಿಗೆ ಅರ್ಧ ಬಿಸಿ ಹೋಗಿರ್ತದೆ. ಪಿಸ್ಟನ್ ಹತ್ರ ಎಷ್ಟಿದೆ ಅಂತ ತಿಳೀಬೇಕಾದ್ರೆ ಇದಕ್ಕೆ ನೂರೈವತ್ತೋ ಇನ್ನೂರೋ ಸೇರಿಸ್ಕೋಬೇಕು. ಆವತ್ತೇ ಹೇಳಿದ್ನಲ್ಲ, ತಲೆ ಆಡಿಸಿದ್ರಿ."

ಹೌದು, ಆಡಿಸಿದ್ದೆ.

ಇನ್ನೂರು ಸೇರಿಸಿದರೆ ನನ್ನ ಅಂಕಿಗಳು ಕೆಂಪಿನಲ್ಲಿ ಬೀಳುತ್ತವೆ, ಅಣ್ಣನವು ಅಂಚಿನಲ್ಲಿ. ಆದರೆ ಸೇರಿಸುವುದೆಂದರೆ ಊಹೆ. ಊಹೆಯ ಮೇಲೆ ತೀರ್ಮಾನ ಮಾಡುವವನಲ್ಲ ನಾನು.

ಕಡ್ಡಿಯನ್ನು ಮ್ಯಾನಿಫೋಲ್ಡಿಗೇ ಕೂರಿಸಬೇಕು. ದಾರಿಯನ್ನೂ ಅವನೇ ಹೇಳಿಕೊಟ್ಟ. ತಣ್ಣಗಿರುವ ಎಂಜಿನ್ ಚಾಲೂ ಮಾಡಿ, ಕಾಯುವ ಮೊದಲೇ, ಅದು ಓಡುತ್ತಿರುವಾಗಲೇ ಕೊರೆಯಬೇಕು. ಹೊಗೆಯ ಒತ್ತಡವೇ ಚೂರುಗಳನ್ನು ಹೊರಗೆ ಉಗುಳುತ್ತದೆ, ಒಂದೂ ಟರ್ಬೊ ಕಡೆ ಹೋಗುವುದಿಲ್ಲ. ಇಬ್ಬರು ಬೇಕು. ಒಬ್ಬ ಒಳಗೆ ಕೂತು ಆಕ್ಸಿಲೇಟರನ್ನು ಒಂದೇ ಮಟ್ಟದಲ್ಲಿ ಹಿಡಿದಿರಬೇಕು, ಇನ್ನೊಬ್ಬ ಕೊರೆಯಬೇಕು.

"ನೀನೇ ಬಂದು ಕೊರೆದುಕೊಡು," ಅಂದೆ.

ಅವನು ಎಡಗೈ ಎತ್ತಿ ತೋರಿಸಿದ. "ನನ್ನ ಹತ್ರ ಉಳಿದಿರೋದು ಒಂಬತ್ತೂವರೆ. ಡ್ರಿಲ್ ಕೊಡ್ತೀನಿ, ಬೆರಳು ಕೊಡಲ್ಲ."

ಫೆಬ್ರವರಿ 18, ಮಂಗಳವಾರ

ಬಲಗೈಗೆ ಪಟ್ಟಿ ಸುತ್ತಿದೆ, ಅಕ್ಷರ ಸೊಟ್ಟಗೆ ಬರುತ್ತಿದೆ. ಆದರೂ ಇವತ್ತೇ ಬರೆಯಬೇಕು.

ಬೆಳಿಗ್ಗೆ ಮನೆಯ ಮುಂದೆಯೇ ನಿಲ್ಲಿಸಿಕೊಂಡೆವು. ನಮ್ಮದು ಮೂತಿ ಉದ್ದದ ಹಳೆಯ ಲಾರಿ. ಬಾನೆಟ್ ಎತ್ತಿದರೆ ಒಳಗೆ ಕೂತವನಿಗೆ ಎದುರು ಏನೂ ಕಾಣದು. ಹಾಗಾಗಿ ಮಾತಾಡಿಕೊಂಡಿದ್ದೆವು: ತೂತು ಆಚೆ ದಾಟಿದ ಕೂಡಲೇ ನಾನು "ಬಿಡು" ಎಂದು ಕೂಗುವುದು, ಅಣ್ಣ ಎಂಜಿನ್ ಆರಿಸುವುದು. ಮಾತಾಡಿಕೊಳ್ಳುವಾಗ ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. ಇದು ಈಗ ನೆನಪಾಗುತ್ತಿದೆ.

ಎಂಜಿನ್ ಚಾಲೂ ಆಯಿತು. ಡ್ರಿಲ್ಲಿನ ತುದಿಗೆ ಗ್ರೀಸ್ ಮೆತ್ತಿ, ಗುರುತು ಹೊಡೆದ ಜಾಗಕ್ಕಿಟ್ಟು ಒತ್ತಿದೆ. ಬೀಡು ಕಪ್ಪು ಹಿಟ್ಟಿನ ಹಾಗೆ ಉದುರಿತು. ಕೊರೆಯುತ್ತಿರುವಂತೆಯೇ ಕಬ್ಬಿಣ ಬೆಚ್ಚಗಾಗುತ್ತ ಬಂತು. ಆಮೇಲೆ ಇದ್ದಕ್ಕಿದ್ದಂತೆ ಎದುರಿಗೆ ಏನೂ ಇಲ್ಲದಂತಾಗಿ ಡ್ರಿಲ್ ಒಳಕ್ಕೆ ನುಗ್ಗಿತು, ಸಿಕ್ಕಿಕೊಂಡು ನಿಂತಿತು, ಅದರ ಸುತ್ತಲಿಂದ ಬಿಸಿ ಹೊಗೆ ಮಣಿಕಟ್ಟಿಗೆ ನೇರ ಹಾಯಿತು. ಅಂಗಿಯ ತೋಳು ಮ್ಯಾನಿಫೋಲ್ಡಿನ ಬೋಲ್ಟಿಗೆ ಸಿಕ್ಕಿ ಕೈ ಹಿಂದಕ್ಕೆ ಬರಲೊಲ್ಲದು.

"ಬಿಡು" ಎಂದೆ. ಮತ್ತೆ ಎಂದೆ. ಎಂಜಿನ್ ಒಂದೇ ಮಟ್ಟದಲ್ಲಿ ಓಡುತ್ತಿತ್ತು. ಹೇಳಿಕೊಟ್ಟದ್ದನ್ನು ಅಣ್ಣ ಚಾಚೂ ತಪ್ಪದೆ ಮಾಡುತ್ತಿದ್ದ. ಮೂರನೇ ಸಲ "ಬಿಡು" ಎನ್ನಲಿಲ್ಲ, "ಅಣ್ಣಾ" ಎಂದು ಚೀರಿದೆನೆಂದು ಕಾಣುತ್ತದೆ. ಅಡುಗೆಮನೆಯಿಂದ ಅತ್ತಿಗೆ ಕೈಯಲ್ಲಿ ಸೌಟು ಹಿಡಿದೇ ಓಡಿಬಂದು, ಲಾರಿಯ ಬಾಗಿಲಿಗೆ ಅದರಿಂದಲೇ ಬಡಿದರು. ಎಂಜಿನ್ ನಿಂತಿತು.

ಅಣ್ಣ ಇಳಿದು ಬಂದ. ನನ್ನ ತೋಳು ಬಿಡಿಸಿದ. ಮಣಿಕಟ್ಟು ನೋಡಿದ.

"ಕೂಗಿದೆಯಾ?"

ಅತ್ತಿಗೆ ನನ್ನ ಮುಖ ನೋಡಿದರು. ಸೌಟು ಇನ್ನೂ ಎತ್ತಿದಂತೆಯೇ ಇತ್ತು. ಇಷ್ಟು ದಿನ ಕಾದಿದ್ದ ಸಾಕ್ಷಿ ಕೈಮೇಲೆಯೇ ಬೊಬ್ಬೆಯೆದ್ದು ನಿಂತಿತ್ತು.

"ಇಲ್ಲ," ಅಂದೆ. "ಕೂಗೋಕೆ ಪುರುಸೊತ್ತೆಲ್ಲಿ?"

ಅತ್ತಿಗೆ ಸೌಟು ಇಳಿಸಿ ಒಳಗೆ ಹೋದರು. ಅಣ್ಣ ನನ್ನ ಕೈಯನ್ನು ನಲ್ಲಿಯ ಕೆಳಗೆ ಬಹಳ ಹೊತ್ತು ಹಿಡಿದಿದ್ದ. ಆಮೇಲೆ ಉಳಿದ ಕೆಲಸ ಅವನೇ ಮಾಡಿದ. ತೂತಿಗೆ ಥ್ರೆಡ್ ಹಾಕುವ ಟ್ಯಾಪಿಗೆ ಗ್ರೀಸ್ ಹಚ್ಚಿ, ಕಾಲು ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ, ಹೊರಗೆ ತೆಗೆದು ಒರೆಸಿ, ಮತ್ತೆ ಕಾಲು ಸುತ್ತು. ಬಟ್ಟೆಯ ಮೇಲೆ ಒರೆಸಿದ ಪುಡಿಯನ್ನು ಪ್ರತಿ ಸಲವೂ ಬೆಳಕಿಗೆ ಹಿಡಿದು ನೋಡುತ್ತಿದ್ದ. ಪೈಪಿನ ಹಳೆಯ ತೂತಿಗೆ ಬೋಲ್ಟ್ ಬಿಗಿದ. ಕಡ್ಡಿ ತನ್ನ ಜಾಗದಲ್ಲಿ ಕೂತಿತು.

"ಇಲ್ಲ" ಎಂದದ್ದು ಸುಳ್ಳೆಂದು ಹೇಳಲು ಬರುವುದಿಲ್ಲ. ಎಂಜಿನ್ನಿನ ಸದ್ದಿತ್ತು, ಡ್ರಿಲ್ಲಿನ ಸದ್ದಿತ್ತು. ಅಷ್ಟು ಸದ್ದಿನಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ. ಅತ್ತಿಗೆಗೆ ಕೇಳಿಸಿತು, ನಿಜ.

ಫೆಬ್ರವರಿ 20, ಗುರುವಾರ

ಲಾರಿ ನಿಂತಿದೆ. ಮಧ್ಯಾಹ್ನ ಕೋಣೆಯಲ್ಲಿ ಒಬ್ಬನೇ. ಇಳಿಯುವುದನ್ನು ಕಾಯಲು ಮುಳ್ಳಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುವುದಿಲ್ಲ.

ಅತ್ತಿಗೆ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಬಿಡುವ ಮೊದಲು ಒಂದೇ ಮಾತು ಹೇಳಿದರು: "ಅದಕ್ಕಿಂತ ಒಳ್ಳೆ ಹೊತ್ತು ನಿನಗೆ ಇನ್ನೆಲ್ಲಿ ಸಿಗ್ತಿತ್ತು?"

ಈ ಒಂದು ವಿಷಯವನ್ನು ನಾಲ್ಕನೇ ತಾರೀಖು ಬರೆಯಬೇಕಿತ್ತು. ಪಿಸ್ಟನ್ ಕರಗಿದ್ದರ ಹಿಂದಿನ ದಿನ ನನ್ನ ಸರದಿ. ಐದನೇ ತಿರುವು ದಾಟಿದ ಮೇಲೆ ಒಂದು ಸಣ್ಣ ಶಿಳ್ಳೆ ಕೇಳಿಸಿತು. ಕಿಟಕಿಯ ರಬ್ಬರಿರಬೇಕೆಂದು ಗಾಜನ್ನು ಬೆರಳಿನಿಂದ ಒತ್ತಿ ಹಿಡಿದೆ. ಶಿಳ್ಳೆ ನಿಲ್ಲಲಿಲ್ಲ. ಕಾಲು ಹಗುರ ಮಾಡಿದಾಗ ನಿಂತಿತು, ಒತ್ತಿದಾಗ ಮತ್ತೆ ಬಂತು. ಕಿಟಕಿಯ ರಬ್ಬರ್ ಆಕ್ಸಿಲೇಟರಿನ ಮಾತು ಕೇಳುವುದಿಲ್ಲವೆಂದು ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಕೀ ಕೊಡುವಾಗ ಅಣ್ಣನಿಗೆ ಹೇಳಿದ್ದು ಇಷ್ಟೇ: "ಡೀಸೆಲ್ ತುಂಬಿಸಿದೀನಿ."

ಮರೆತೆ ಎಂದು ಬರೆಯಲು ಹೊರಟಿದ್ದೆ. ಮರೆತಿರಲಿಲ್ಲ. ಹೇಳಿದರೆ ಬಾನೆಟ್ ಎತ್ತಿ ಇಬ್ಬರೂ ಅರ್ಧ ದಿನ ಹುಡುಕಬೇಕಾಗುತ್ತಿತ್ತು. ನನ್ನ ಸರದಿ ಮುಗಿದಿತ್ತು. ನನಗೆ ಕೇಳಿಸಿದ ಶಿಳ್ಳೆ ಅವನಿಗೂ ಕೇಳಿಸೀತು, ಅವನೇ ನೋಡಿಕೊಂಡಾನು ಅಂದುಕೊಂಡೆ. ಇಪ್ಪತ್ತೈದು ವರ್ಷ ಹಾಗೇ ಅಂದುಕೊಂಡಿದ್ದೆ, ಒಂದು ಸಲವೂ ತಪ್ಪಾಗಿರಲಿಲ್ಲ.

ಫೆಬ್ರವರಿ 24, ಸೋಮವಾರ

ಅಣ್ಣ ಓಡಿಸಿದ. ಕಡ್ಡಿ ಈಗ ಸರಿಯಾದ ಜಾಗದಲ್ಲಿದೆ. ನಾಲ್ಕನೇ ತಿರುವಿನಲ್ಲಿ 710. ಕೆಂಪು.

"ಏಳುನೂರು!" ಅಂದೆ. ಅವನು ರಸ್ತೆ ನೋಡುತ್ತಿದ್ದ. ಭುಜ ತಟ್ಟಿ ಮೀಟರ್ ತೋರಿಸಿದೆ. ತಟಕ್ಕನೆ ಒಂದು ಗೇರು ಇಳಿಸಿದ. ಎಂಜಿನ್ ಹಗುರಾಗಿ ತಿರುಗಿತು, ಮುಳ್ಳು ನಮ್ಮ ಕಣ್ಣೆದುರೇ ಅರವತ್ತು ಇಳಿಯಿತು.

"ಅರೆ," ಅಂದ. "ಇಷ್ಟು ದಿನ ಇದು ಸುಖವಾಗಿದೆ ಅಂದ್ಕೊಂಡಿದ್ದೆ ಕಣೋ. ಒಳಗೊಳಗೇ ಒದ್ದಾಡ್ತಿತ್ತಾ?"

ಆಮೇಲೆ ಪ್ರತಿ ತಿರುವಿನಲ್ಲೂ ಮೀಟರಿನ ಕಡೆ ಒಮ್ಮೆ ನೋಡಿದ, ನನ್ನ ಕಡೆ ಒಮ್ಮೆ ನೋಡಿ ಹುಬ್ಬು ಹಾರಿಸಿದ.

ಕೆಂಪಿಗೆ ಹೋಯಿತೆಂದು ಬರೆದುಕೊಂಡಿದ್ದೇನೆ. ಪುಟ ತೋರಿಸಲಿಲ್ಲ. ಒಂದು ಸಲ ಆದದ್ದನ್ನು ಸಾಕ್ಷಿಯೆನ್ನಲಾಗದು.

ಫೆಬ್ರವರಿ 27, ಗುರುವಾರ

ನಾನು. 745.

ಕೈ ನೋವಿನಿಂದ ಗೇರು ಇಳಿಸುವುದು ತಡವಾಯಿತು. ಎದುರುಗಾಳಿ. ಟೈರಿನಲ್ಲಿ ಗಾಳಿ ಕಡಿಮೆ ಇದ್ದಿರಲೂಬಹುದು. ಕಪ್ಪು ಕಲ್ಲಲ್ಲ ಇವತ್ತು, ಬಿಳಿಯದೇ, ಆದರೆ ಬಿಳಿಯದರಲ್ಲೂ ತೂಕದ ಜಾತಿಯಿದೆ.

ಮುಳ್ಳು ಇಳಿಯುತ್ತಲೇ ಇಲ್ಲ. ಐನೂರು. ನಾನೂರ ಎಪ್ಪತ್ತು. ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಅಣ್ಣ ಓಡಿಸಿದ ದಿನದ ಬರಹ ಗಿಡ್ಡ, ನನ್ನದು ಉದ್ದ. ಅವನ ದಿನ ಬರೆಯಲು ವಿಷಯ ಕಡಿಮೆ ಇರುತ್ತದೆ, ಪಕ್ಕದಲ್ಲಿ ಜನವಿದ್ದರೆ ಯೋಚನೆ ಬರುವುದಿಲ್ಲ. ಅಷ್ಟೇ ಕಾರಣ. ಮುನ್ನೂರ ತೊಂಬತ್ತು. ಚಪ್ಪಡಿ ಇಳಿಸುವವನೊಬ್ಬ ಬಾಗಿಲು ಬಡಿದು, "ಏನ್ ಸ್ವಾಮಿ, ಒಳಗೆ ಕೂತು ಕಾದಂಬರಿ ಬರೀತಿದೀರಾ? ಅಣ್ಣಾವ್ರು ಬಂದ್ರೆ ಇಷ್ಟು ಹೊತ್ತು ಕಾಯಿಸಲ್ಲಪ್ಪ," ಅಂದ. ಹಿಂದಿನ ಬಾಗಿಲು ತೆಗೆದು ಕೆಲಸ ಶುರು ಮಾಡಿ, ಎಂಜಿನ್ ಓಡಿದರೆ ನಿಮಗೇನು, ಅಂದೆ. ಮುನ್ನೂರ ಇಪ್ಪತ್ತು. ಅವನು ಹೋಗಿ ಇನ್ನೊಬ್ಬನಿಗೆ ಏನೋ ಹೇಳಿ ನಗುತ್ತಿದ್ದಾನೆ.

ಇನ್ನೂರ ಎಂಬತ್ತು.

ಮಾರ್ಚ್ 3, ಸೋಮವಾರ

ಅಣ್ಣ. 640. "ಗುಮಾಸ್ತ, ಬರ್ಕೋ," ಎಂದು ತಾನೇ ಹೇಳಿದ, "ಆರುನೂರ ನಲವತ್ತು. ದಪ್ಪಕ್ಷರದಲ್ಲಿ."

ಮೀಟರನ್ನು ಕಿಟಕಿಯ ಪಕ್ಕದ ಕಂಬಕ್ಕೆ ಸರಿಸಿದ್ದಾನೆ. ಕನ್ನಡಿ ನೋಡುವ ಕಣ್ಣಿಗೇ ಮುಳ್ಳೂ ಬೀಳಲಿ ಎಂದು. ನನಗೆ ಹೊಳೆದಿರಲಿಲ್ಲ.

ಮಾರ್ಚ್ 6, ಗುರುವಾರ

ಕೈ ಪೂರ್ತಿ ವಾಸಿಯಾಗಲಿ ಎಂದು ನನ್ನ ಸರದಿಯನ್ನೂ ಅವನಿಗೇ ಬಿಟ್ಟೆ. ಇದನ್ನು ಮನೆಗೆ ಬಂದು ಬರೆಯುತ್ತಿದ್ದೇನೆ.

ಆರನೇ ತಿರುವಿನ ಹತ್ತಿರ ಹಿಂದೆ ಬಸ್ಸೊಂದು ಹಾರ್ನ್ ಮಾಡತೊಡಗಿತು. ನನಗೆ ಕೇಳಿಸುತ್ತಿತ್ತು. ಮುಳ್ಳು ಆರುನೂರ ಮೂವತ್ತರಲ್ಲಿ ಅಲುಗಾಡದೆ ನಿಂತಿತ್ತು, ಅಷ್ಟು ಚೆಂದವಾಗಿ ಅದು ನಿಂತದ್ದನ್ನು ನಾನು ನೋಡಿರಲಿಲ್ಲ, ಅದನ್ನು ಬರೆಯುತ್ತಿದ್ದೆ. ಭುಜ ತಟ್ಟಲಿಲ್ಲ. ಬಸ್ಸಿನವನು ತಾಳ್ಮೆಗೆಟ್ಟು ಪಕ್ಕಕ್ಕೆ ಬಂದ. ಅದೇ ಹೊತ್ತಿಗೆ ಅಣ್ಣ ತಿರುವಿಗೆಂದು ಅಗಲ ತೆಗೆದುಕೊಂಡ. ಬಸ್ಸು ರಸ್ತೆಯಂಚಿನ ಕಲ್ಲಿಗೆ ಟೈರು ತಾಗಿಸಿಕೊಂಡು, ಕಿಟಕಿಗಳಲ್ಲಿ ಸಾಲಾಗಿ ತೆರೆದ ಬಾಯಿಗಳನ್ನು ಹೊತ್ತುಕೊಂಡು ಮುಂದೆ ಹೋಯಿತು. ಡ್ರೈವರ್ ತಲೆ ಹೊರಗೆ ಹಾಕಿ ಕೂಗಿದ: "ಕಿವೀಲಿ ಏನು ಹತ್ತಿ ಇಟ್ಕೊಂಡಿದೀಯೇನೋ?"

"ಏನಂದ?" ಅಣ್ಣ ಕೇಳಿದ.

"ಮುಂದೆ ರಸ್ತೆ ಕೆಟ್ಟಿದೆ ಅಂದ."

ತುದಿ ತಲುಪುವವರೆಗೆ ಅವನ ಕಣ್ಣು ಕನ್ನಡಿಯ ಮೇಲೇ ಇತ್ತು. ಅಂಗಳದಲ್ಲಿ ನಿಲ್ಲಿಸಿ, ಎಂದಿನಂತೆ ಇಳಿದು ಹೋಗಲಿಲ್ಲ. ಇಬ್ಬರೂ ಮುಳ್ಳು ನೋಡುತ್ತ ಕೂತೆವು.

"ಆ ಬಸ್ಸಿನವನ ಬಾಯಿ ನೋಡಿದೆ ಕಣೋ," ಅಂದ. "ರಸ್ತೆ ಅಂತ ಹೇಳೋ ಬಾಯಲ್ಲ ಅದು."

ನಾನು ನೋಟ್‌ಬುಕ್ಕು ಮುಚ್ಚಿದೆ.

"ಆವತ್ತು ನೀನು ಕೂಗಿದ್ದೂ ಗೊತ್ತು. ನಿನ್ನತ್ತಿಗೆ ಅಡುಗೆಮನೆಯಿಂದ ಓಡಿ ಬಂದ್ಲಲ್ಲ. ನಾನು ನಿನ್ನಿಂದ ಎರಡು ಮಾರು ದೂರದಲ್ಲಿದ್ದೆ." ತನ್ನ ಅಂಗೈಗಳನ್ನು ಸ್ಟೇರಿಂಗ್ ಮೇಲಿಟ್ಟುಕೊಂಡಿದ್ದ. "ಜನವರೀಲೂ ಹಾಗೇ. ಹೋಸು ಬಾಯಿ ಬಡ್ಕೊಂಡಿರ್ಬೇಕು ಪಾಪ. ನನಗೆ ಗೊತ್ತಾಗಿದ್ದು ಎಂಜಿನ್ ನಿಂತ ಮೇಲೆ. ಕೊಂದವನು ನಾನೇ. ಇವತ್ತು ಬಸ್ಸು ತುಂಬ ಜನ."

ಇಲ್ಲಿ ಒಂದು ಮಾತು ಹೇಳಬೇಕಿತ್ತು. ಬಾಯಿಯನ್ನೂ ತೆರೆದೆ. ಅವನು ಮೀಟರಿನ ಕಡೆ ತಿರುಗಿದ್ದ, ನನ್ನ ತುಟಿ ಅವನಿಗೆ ಕಾಣುತ್ತಿರಲಿಲ್ಲ.

"ಇನ್ನೂರು," ಎಂದು ಎಂಜಿನ್ ಆರಿಸಿದ. ಕೀ ಕಿತ್ತು ನನ್ನ ತೊಡೆಯ ಮೇಲಿಟ್ಟ. "ಇಳಿಜಾರಿಗೆ ನೀನು ಓಡಿಸು. ಇನ್ಮೇಲೂ ನೀನೇ."

ಮಾರ್ಚ್ 7, ಶುಕ್ರವಾರ

ಅತ್ತಿಗೆ ಮಾತಾಡಿಸಿದರು. "ಕೊನೆಗೂ ಹೇಳಿದೆಯಲ್ಲ. ನಿನಗೆ ಪುಣ್ಯ ಬರ್ಲಿ."

ನಾನು ಹೇಳಿದ್ದಲ್ಲ ಎನ್ನಬೇಕಿತ್ತು. ಅನ್ನ ಕಲಸುತ್ತಿದ್ದೆ.

ಅಣ್ಣ ಪಕ್ಕದ ಕೋಣೆಯಲ್ಲಿ ಕೂತಿದ್ದ. ಟೀವಿ ಹಾಕಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅತ್ತಿಗೆಯೇ ಎದ್ದು ಹೋಗಿ ಅದನ್ನು ಹಾಕಿದರು, ಎಂದಿಗಿಂತ ಜೋರಾಗಿ. ಅವನು ಎದ್ದು ಆರಿಸಿದ. ತಿರುಗಿ ಬಂದು ನನ್ನೆದುರು ಕೂತ ಅತ್ತಿಗೆ, "ಮನೆ ಹೀಗೆ ಬಿಕೋ ಅನ್ನೋದು ನನಗಾಗಲ್ಲ," ಅಂದರು. "ಸೋಮವಾರ ಕಿವಿ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ಮಷೀನ್ ಹಾಕಿಸ್ಕೊಳಿ ಅಂದ್ರೆ ಏನಂದ್ರು ಗೊತ್ತಾ? ಯಾರ ಮಾತು ಕೇಳೋಕೆ ಅಂದ್ರು. ಅದನ್ನೂ ನಗ್ತಾ ಹೇಳ್ಲಿಲ್ಲ."

ಇದೇ ಆಗಲೆಂದು ಅಲ್ಲವೇ ನಾನು ಮೀಟರ್ ಹಾಕಿಸಿದ್ದು. ಆಯಿತು.

ಮಾರ್ಚ್ 10, ಸೋಮವಾರ

ಒಬ್ಬನೇ. 630.

ಕೆಳಗಿನ ಗೇರಿನಲ್ಲೇ ಬಂದೆ. ಎರಡು ಲಾರಿಗಳು, ಒಂದು ಟ್ರ್ಯಾಕ್ಟರ್ ನನ್ನನ್ನು ಹಿಂದೆ ಹಾಕಿ ಹೋದವು. ಟ್ರ್ಯಾಕ್ಟರಿನವನು ಕೈ ಬೀಸಿದ. ಅವಸರವೇನಿರಲಿಲ್ಲ. ಆರುನೂರ ಮೂವತ್ತು ಎಂದು ಗಟ್ಟಿಯಾಗಿ ಹೇಳಿ ಪಕ್ಕಕ್ಕೆ ನೋಡಿದೆ. ಸೀಟಿನ ಮೇಲೆ ನೋಟ್‌ಬುಕ್ಕಿತ್ತು.

ಈ ಹೊತ್ತಿಗೆ ಅಣ್ಣ ಡಾಕ್ಟರ ಹತ್ತಿರ ಇರಬೇಕು. ಟರ್ನರನ ತಾಯಿಗೂ ಈ ಪರೀಕ್ಷೆ ಆಗಿತ್ತಂತೆ, ಅವನು ವಿವರಿಸಿದ. ಸದ್ದು ಹೊಗದ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಕೈಗೊಂದು ಗುಂಡಿ ಕೊಡುತ್ತಾರೆ. ಸಣ್ಣ ಸಣ್ಣ ಶಿಳ್ಳೆಗಳನ್ನು ಕೇಳಿಸುತ್ತಾರೆ. ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ಕೇಳಿಸದಿದ್ದರೆ ಸುಮ್ಮನೆ ಕೂತಿರಬೇಕು. ಒತ್ತದೆ ಕೂತ ಒಂದೊಂದು ಗಳಿಗೆಯಲ್ಲೂ ಅವನು ಆ ಏಳನೇ ತಿರುವಿನಲ್ಲಿರುತ್ತಾನೆ. ಅದು ನನಗೆ ಗೊತ್ತು. ಅವನನ್ನು ಅಲ್ಲಿಂದ ಇಳಿಸುವ ಮಾತೂ ನನಗೆ ಗೊತ್ತು. ಹೇಳಿದರೂ ಅವನ ಕಿವಿ ಬರುವುದಿಲ್ಲ, ಅವನು ಸ್ಟೇರಿಂಗಿಗೆ ಮರಳಬೇಕೆಂದೂ ಇಲ್ಲ. ಎಂಜಿನ್ ಕೊಂದವನು ತಾನೊಬ್ಬನೇ ಅಲ್ಲವೆಂದು ಗೊತ್ತಾಗುತ್ತದೆ, ಅಷ್ಟೇ.

ತೊಂದರೆಯೆಂದರೆ ಇಂಥದ್ದನ್ನು ಜನ ಮೆಲ್ಲಗೆ ಹೇಳುತ್ತಾರೆ. ತಲೆ ತಗ್ಗಿಸಿ, ಅರ್ಧ ನುಂಗಿ ಹೇಳುತ್ತಾರೆ. ಅವನಿಗೆ ಹಾಗೆ ಹೇಳಲು ಬರುವುದಿಲ್ಲ. ಎದುರು ನಿಂತು, ತುಟಿ ಕಾಣುವಂತೆ, ಅಡುಗೆಮನೆಗೂ ಬೀದಿಗೂ ಕೇಳಿಸುವಷ್ಟು ಜೋರಾಗಿ ಕೂಗಬೇಕು.

ಇನ್ನೂರಕ್ಕೆ ಬಂದಿತ್ತು. ಈಗ ನೂರ ಎಂಬತ್ತು. ಎಂಜಿನ್ ಇನ್ನೂ ಆರಿಸಿಲ್ಲ.

ಪಿಸ್ಟನ್ ಕರಗಿದ್ದರ ಹಿಂದಿನ ದಿನವೇ ಆ ಶಿಳ್ಳೆ ನನಗೆ ಕೇಳಿಸಿತ್ತು ಎಂದು ಇವತ್ತು ಸಂಜೆ ನಿನ್ನೆದುರು ನಿಂತು ಕೂಗುತ್ತೇನೆ. ಒಂದು ಸಲ ಕೂಗುವಷ್ಟು ಧೈರ್ಯವಿದೆ, ಎರಡನೇ ಸಲಕ್ಕಿಲ್ಲ. "ಆಂ?" ಅನ್ನದೆ, ಮೊದಲ ಸಲವೇ ಕೇಳಿಸಿಕೊಳ್ಳುತ್ತೀಯಾ, ಅಣ್ಣಾ?